ತೆರಿಗೆ ಅಕ್ಕಿಯಲ್ಲೋ, ದುಡ್ಡಲ್ಲೋ? 1837ರ ಅಮರ ಸುಳ್ಯ ದಂಗೆಯ ನೋಟ್ಸ್

ಈಸ್ಟ್ ಇಂಡಿಯಾ ಕಂಪನಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಹಿಡಿದದ್ದು ಕೋವಿಯಿಂದ ಅಂತ ಬರೆದು ನೋಟ್ಸ್ ಮುಗಿಸ್ಬೇಡಿ ಮಾರ್ರೆ, ಆ ಕೋವಿ ಹಿಡಿದ ಸಿಪಾಯಿಗೆ ಸಂಬಳ ಎಲ್ಲಿಂದ ಬಂತು ಅಂತ ಮೊದ್ಲು ನೋಡಿ. 1765ರಲ್ಲಿ ಬಂಗಾಳದ ದಿವಾನಿ, ಅಂದ್ರೆ ಕಂದಾಯ ವಸೂಲಿ ಹಕ್ಕು ಸಿಕ್ಕಿದ ಮೇಲೆ ನಮ್ಮ ದೇಶದ ರೈತರ ದುಡ್ಡಲ್ಲೇ ಸರಕು ಖರೀದಿ, ಸೈನ್ಯ ಸಾಕೂದು ಎರಡೂ ಆಯ್ತು. 1792ರಲ್ಲಿ ಟಿಪ್ಪು ಸೋತಾಗ ಅರ್ಧ ರಾಜ್ಯ ಮತ್ತೆ 3 ಕೋಟಿ 30 ಲಕ್ಷ ರೂಪಾಯಿ ಕೇಳಿದ್ರು, ಅದಕ್ಕೆ ಇಬ್ರು ಮಕ್ಕಳು ಒತ್ತೆ. 1799ರಲ್ಲಿ ಕೆನರಾ, ಅಂದ್ರೆ ನಮ್ಮ ಕರಾವಳಿ ಸೀಮೆ, ಕಂಪನಿ ಕೈಗೆ ಬಂತು, ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಹಳೇ ಕಂದಾಯದ ಲೆಕ್ಕ ಹುಡುಕ್ಲಿಕ್ಕೆ ಕೂತ.

ಈಗ ಮುಖ್ಯ ವಿಷ್ಯ. 1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಅಮರ ಸುಳ್ಯ, ಪುತ್ತೂರು ಕಡೆಯನ್ನು ಕೆನರಾಕ್ಕೆ ಸೇರಿಸಿದ್ರು. ಅರಸನ ಕಾಲದಲ್ಲಿ ಬೆಳೆದದ್ದರಲ್ಲೇ ತೆರಿಗೆ ಕೊಡ್ಲಿಕ್ಕೆ ಆಗ್ತಿತ್ತು, ಕಂಪನಿಗೆ ನಗದೇ ಬೇಕು. ಇದರಲ್ಲಿ ಎಂತ ದೊಡ್ಡ ವ್ಯತ್ಯಾಸ ಅಂತ ನನಗೂ ಮೊದ್ಲು ತಲೆಗೆ ಹೋಗಿರ್ಲಿಲ್ಲ. ಹೀಗೆ ಯೋಚನೆ ಮಾಡಿ, ನಿಮ್ಮತ್ರ ಹತ್ತು ಮುಡಿ (ಬೈಹುಲ್ಲಲ್ಲಿ ಕಟ್ಟಿದ ಅಕ್ಕಿ ಮೂಟೆ) ಅಕ್ಕಿ ಉಂಟು, ಎರಡು ಮುಡಿ ತೆರಿಗೆಗೆ ಅಂತಾದ್ರೆ ರೇಟ್ ಬಿದ್ರೂ ಏರಿದ್ರೂ ಎರಡೇ. ಅದೇ ಇಷ್ಟು ರೂಪಾಯಿ ಅಂತ ಗೊತ್ತು ಮಾಡಿದ್ರೆ ಕೊಯ್ಲಾದ ಕೂಡ್ಲೆ ಊರಿನವರೆಲ್ಲ ಒಟ್ಟಿಗೆ ಮಾರ್ಲಿಕ್ಕೆ ಹೋಗ್ತಾರೆ, ರೇಟ್ ಬೀಳ್ತದೆ, ಎರಡು ಮುಡಿ ಜಾಗದಲ್ಲಿ ನಾಲ್ಕು ಹೋಗ್ತದೆ, ಅದೂ ಸಾಲದಿದ್ರೆ ಸಾಹುಕಾರನ ಸಾಲ. ಬೇಡಿಕೆ ಒಂದು ಪೈಸೆ ಹೆಚ್ಚಾಗದೆ ತೆರಿಗೆ ಡಬಲ್ ಆಗೂದು ಹೀಗೆ!

ಕೆನರಾದಲ್ಲಿ 1830-31ರಲ್ಲೇ ರೈತರು ಕೂಟ ಸೇರಿ ಕಂದಾಯ ಕೊಡುದಿಲ್ಲ ಅಂದಿದ್ರು, ಅದನ್ನೂ ಉತ್ತರದಲ್ಲಿ ಸೇರಿಸಿ, ಸುಮಾರು ಜನ ಬಿಟ್ಟೇ ಬಿಡ್ತಾರೆ. 1837ರಲ್ಲಿ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡ್ರ ಜನ ಶುರುವಿಗೇ ಹಿಡಿದದ್ದು ಬೆಳ್ಳಾರೆಯಲ್ಲಿದ್ದ ಕಂಪನಿಯ ಕಂದಾಯದ ಖಜಾನೆ. ದಂಗೆಯವರು ಅರಸ ಅಂತ ಮುಂದೆ ನಿಲ್ಲಿಸಿದ ಕಲ್ಯಾಣಪ್ಪನ ಹೆಸರಲ್ಲಿ ಜನರಿಗೆ ಕೊಟ್ಟ ಮಾತೂ ಕಂದಾಯ ಮಾಫಿಯದ್ದೇ, ಉಪ್ಪು ಹೊಗೆಸೊಪ್ಪಿನ ಸುಂಕ ತೆಗಿತೇವೆ ಅಂತ. ಏಪ್ರಿಲ್ 5ಕ್ಕೆ ದಂಗೆಯವರಿಗೆ ಮಂಗಳೂರು ಸಿಕ್ಕಿತು, ಎರಡು ವಾರದೊಳಗೆ ಕಂಪನಿ ಸೈನ್ಯ ವಾಪಸ್ ಹಿಡ್ಕೊಂಡಿತು, ಕಲ್ಯಾಣಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದ್ರು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಈಗ ರಾಮಯ್ಯ ಗೌಡ್ರ ಪ್ರತಿಮೆ ಉಂಟು, ಆ ದಾರಿಲಿ ಹೋಗುವಾಗ ನನಗೆ ನೆನಪಾಗೂದು ಬೆಳ್ಳಾರೆಯ ಆ ಖಜಾನೆ, ಅದರೊಳಗಿದ್ದದ್ದು ಇವರೇ ಅಕ್ಕಿ ಮಾರಿ ಕಟ್ಟಿದ ದುಡ್ಡಲ್ವಾ.