ಮಂಡಿಗೆ ಎಕ್ಸೋಸೋಮ್ ಇಂಜೆಕ್ಷನ್: ಬಾಟಲಿಯಲ್ಲಿ ಏನಿದೆ?

"ಡಾಕ್ಟ್ರೇ, ಸ್ಟೆಮ್ ಸೆಲ್ ಹಳೇದಾಯ್ತಂತೆ, ಈಗ ಎಕ್ಸೋಸೋಮ್ ಬಂದಿದೆಯಂತಲ್ಲ?" ಮಂಡಿ ಸವೆದವರು ಈಗೀಗ ಹೀಗೆ ಕೇಳುತ್ತಾರೆ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ.

ನಮ್ಮ ಜೀವಕೋಶಗಳು ಪೊರೆ ಸುತ್ತಿದ ಪುಟ್ಟ ಗುಳ್ಳೆಗಳನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಇವೇ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್‌ಗಳು. ಅವುಗಳಲ್ಲಿ ತೀರಾ ಚಿಕ್ಕವು, ಅಂದರೆ ಸುಮಾರು 30ರಿಂದ 150 ನ್ಯಾನೋಮೀಟರ್‌ನವು, ಎಕ್ಸೋಸೋಮ್. 1980ರ ದಶಕದಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಕುರಿಯ ಎಳೆ ರಕ್ತಕಣಗಳಲ್ಲಿ ಇವನ್ನು ಗಮನಿಸಿದ್ದರು. ಕೋಶ ಬಿಸಾಡುವ ಕಸ ಅಂತಲೇ ಬಹಳ ಜನ ಅಂದುಕೊಂಡಿದ್ದರು. ಇವು ಜೀನ್‌ಗಳ ಸಂದೇಶ ಹೊರುವ ಆರ್‌ಎನ್‌ಎಯನ್ನು ಹೊತ್ತೊಯ್ದು ಇನ್ನೊಂದು ಕೋಶಕ್ಕೆ ಕೊಡುತ್ತವೆ ಎಂದು 2007ರಲ್ಲಿ ಸ್ವೀಡನ್ನಿನ ತಂಡವೊಂದು ತೋರಿಸಿತು.

ಮಂಡಿಗೆ ಹಾಕಿದ ಸ್ಟೆಮ್ ಸೆಲ್‌ಗಳು ಅಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ. ಆದರೂ ಗುಣ ಕಂಡರೆ, ಕೆಲಸ ಮಾಡುವುದು ಅವು ಬಿಡುವ ಈ ಗುಳ್ಳೆಗಳೇ ಇರಬಹುದು, ಅಲ್ವಾ? 2016ರಲ್ಲಿ ಸಿಂಗಪುರದ ಸಂಶೋಧಕರು ಇಲಿಗಳ ಮಂಡಿಯಲ್ಲಿ ಗುಳಿ ಕೊರೆದು, ವಾರಕ್ಕೊಮ್ಮೆ ಗುಳ್ಳೆಗಳನ್ನಷ್ಟೇ ಕೊಟ್ಟು ನೋಡಿದರು. 12 ವಾರದಲ್ಲಿ ಗುಳಿ ಚೆನ್ನಾಗಿ ತುಂಬಿಕೊಂಡಿತ್ತು.

ಆದರೆ ಅದು ಇಲಿ, ಅದೂ ಹೊಸ ಗಾಯ. ನನ್ನ ಹತ್ತಿರ ಬರುವವರದು ವರ್ಷಗಟ್ಟಲೆ ಸವೆದ ಮಂಡಿ. ಸವೆಯುವುದು ಮೂಳೆಯ ತುದಿಗೆ ಹೊದ್ದ ನುಣುಪಾದ ಮೆತ್ತೆ, ಅಂದರೆ ಕಾರ್ಟಿಲೇಜ್. ಅದಕ್ಕೆ ರಕ್ತನಾಳವಿಲ್ಲ. ಅದರ ಒಳಗಿನ ಬಲೆ ಎಷ್ಟು ಒತ್ತಾಗಿದೆ ಎಂದರೆ ಬಲೆಯ ತೂತುಗಳ ಅಗಲ ಕೆಲವೇ ನ್ಯಾನೋಮೀಟರ್. ಗುಳ್ಳೆ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಆಳಕ್ಕೆ ಇಳಿಯುವುದು ಹೇಗೆ? ಕೀಲಿನ ಒಳಪದರದ ಉರಿಯೂತ ತಗ್ಗಿಸಿ ನೋವು ಕಡಿಮೆ ಮಾಡಬಹುದು ಎಂದು ನನ್ನ ಅಂದಾಜು. ಅದೂ ಸಣ್ಣ ಲಾಭವಲ್ಲ. ಆದರೆ "ಸವೆದದ್ದು ಮತ್ತೆ ಬೆಳೆಯುತ್ತೆ" ಅನ್ನೋದು ಬೇರೆ ಮಾತು.

ಇನ್ನು ಬಾಟಲಿಯ ವಿಷಯ. ಗುಳ್ಳೆಗಳನ್ನು ಬೇರ್ಪಡಿಸಲು ಗುರುತ್ವದ 1 ಲಕ್ಷ ಪಟ್ಟು ಬಲದಲ್ಲಿ ತಿರುಗಿಸುವುದು ಹಳೆಯ ಪದ್ಧತಿ. ಯಾರ ಕೋಶ, ಹೇಗೆ ಬೆಳೆಸಿದರು ಅನ್ನುವುದರ ಮೇಲೆ ಒಳಗಿನ ಸರಕು ಬದಲಾಗುತ್ತದೆ. ಲೇಬಲ್ ಒಂದೇ, ಮಾಲು ಬೇರೆ ಬೇರೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ರೋಗಿಗಳಿಗೆ ತೊಂದರೆಯಾದ ಮೇಲೆ, ಅನುಮತಿಯಿಲ್ಲದ ಎಕ್ಸೋಸೋಮ್ ಉತ್ಪನ್ನಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ನಮ್ಮಲ್ಲಿ 2022ರಲ್ಲಿ ಮಂಡಿ ಸವೆತಕ್ಕೆ ಅನುಮತಿ ಸಿಕ್ಕಿದ್ದು ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್‌ನ ಸ್ಟೆಮ್ ಸೆಲ್‌ಗೆ. ಅದು ಜೀವಂತ ಕೋಶ, ಗುಳ್ಳೆಯಲ್ಲ. ಆ ಅನುಮತಿಯನ್ನು ತೋರಿಸಿ ಎಕ್ಸೋಸೋಮ್ ಮಾರಿದರೆ ನಂಬಬೇಡಿ.

ಟ್ರಯಲ್ ನಡೀತಿದೆ ಅಂದರೆ ಸಿಟಿಆರ್‌ಐ (ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ನೋಡಬಹುದು. ಟ್ರಯಲ್ ಅಂತಾನೂ ಹೇಳಿ, ಇಂಜೆಕ್ಷನ್‌ಗೆ ಬಿಲ್ಲೂ ಕೈಗಿಟ್ಟರೆ ಎದ್ದು ಬನ್ನಿ.