ಇಲ್ಲದ ಪ್ರತಿಸ್ಪರ್ಧಿ: ಮಿನಾಂಡರ್‌ನ ‘ಡಿಸ್ ಎಕ್ಸಪಟೋನ್’

ಗ್ರೀಕ್ ಹಾಸ್ಯನಾಟಕಗಳಲ್ಲಿ ಗೆಳೆತನ ಮತ್ತು ಪ್ರೇಮದ ಪೈಪೋಟಿ ಕುರಿತ ಪರೀಕ್ಷೆಯ ಪ್ರಶ್ನೆಗೆ ಪ್ರಾಚೀನ ಗ್ರೀಕ್ ನಾಟಕಕಾರ ಮಿನಾಂಡರ್‌ನ ಈ ನಾಟಕವನ್ನೇ ಹಿಡಿಯಿರಿ. ಹೆಸರಿನ ಅರ್ಥ ‘ಎರಡು ಸಲ ವಂಚಿಸುವವನು’. ನಾಟಕ ಪೂರ್ತಿ ಉಳಿದಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಜೊಂಡಿನ ಹಾಳೆಯ ಹಸ್ತಪ್ರತಿ, ಅಂದರೆ ಪಪೈರಸ್‌ನಿಂದ ಸುಮಾರು ನೂರು ಸಾಲು ದೊರೆತಿದೆ. 1968ರಲ್ಲಿ ವಿದ್ವಾಂಸ ಎರಿಕ್ ಹ್ಯಾಂಡ್ಲಿ ಅದರ ಒಂದು ಭಾಗವನ್ನು ಬೆಳಕಿಗೆ ತಂದರು. ಉಳಿದ ಕಥೆ ತಿಳಿಯುವುದು ಇದನ್ನು ಆಧರಿಸಿ ರೋಮಿನ ನಾಟಕಕಾರ ಪ್ಲಾಟಸ್ ಬರೆದ ‘ಬಕ್ಕಿಡೆಸ್’ನಿಂದ.

ಕಥೆ ಇಷ್ಟು. ಸೋಸ್ಟ್ರಾಟಸ್ ಅಪ್ಪನ ಹಣ ವಸೂಲಿಗೆ ಎಫೆಸಸ್‌ಗೆ ಹೋಗಿದ್ದಾನೆ. ಪ್ರೇಯಸಿಯಾದ ಗಣಿಕೆ ಬಕ್ಕಿಸ್‌ಳನ್ನು ಅಥೆನ್ಸಿನಲ್ಲಿ ಹುಡುಕಿಡು ಎಂದು ಗೆಳೆಯ ಮೊಸ್ಕಸ್‌ನಿಗೆ ಬರೆಯುತ್ತಾನೆ. ಮೊಸ್ಕಸ್ ಹುಡುಕುತ್ತಾನೆ, ಜೊತೆಗೆ ಅವಳ ಸೋದರಿಗೆ ಮನಸೋಲುತ್ತಾನೆ. ಸೋದರಿಯ ಹೆಸರೂ ಬಕ್ಕಿಸ್! ಊರಿಗೆ ಮರಳಿದ ಸೋಸ್ಟ್ರಾಟಸ್, ‘ಮೊಸ್ಕಸ್ ಬಕ್ಕಿಸ್‌ಳ ಬಲೆಗೆ ಬಿದ್ದ’ ಎಂಬ ದೂರು ಕೇಳುತ್ತಾನೆ. ತನ್ನ ಬಕ್ಕಿಸ್‌ಳೇ ಎಂದುಕೊಳ್ಳುತ್ತಾನೆ. ದೂರು ನಿಜ, ಅವನು ಮಾಡಿಕೊಂಡ ಅರ್ಥ ತಪ್ಪು.

ಹೆಚ್ಚಿನವರು ಎಡವುವುದು ಇಲ್ಲೇ: ‘ತ್ರಿಕೋನ ಪ್ರೇಮ’ ಎಂದು ಬರೆದುಬಿಡುತ್ತಾರೆ. ಇಲ್ಲಿರುವುದು ಎರಡು ಜೋಡಿ. ನಿಜವಾದ ಪ್ರತಿಸ್ಪರ್ಧಿ ಬೇರೆಯವನು, ಬಕ್ಕಿಸ್‌ಳನ್ನು ಕರಾರಿಗೆ ಪಡೆದಿರುವ ಸೈನಿಕ. ಪ್ಲಾಟಸ್‌ನಲ್ಲಿ ಅವನ ಕೈಯಿಂದ ಬಿಡಿಸಲು ಬೇಕಾದದ್ದು 200 ಚಿನ್ನದ ನಾಣ್ಯ, ಎಫೆಸಸ್‌ನಿಂದ ಬಂದಿರುವುದು 1,200. ಆಳು (ಮಿನಾಂಡರ್‌ನಲ್ಲಿ ಸಿರೋಸ್, ಪ್ಲಾಟಸ್‌ನಲ್ಲಿ ಕ್ರಿಸಾಲಸ್) ‘ಚಿನ್ನ ಅಲ್ಲೇ ಉಳಿದಿದೆ’ ಎಂದು ಯಜಮಾನನಾದ ಅಪ್ಪನಿಗೆ ಸುಳ್ಳು ಹೇಳಿ, ಆ ಹಣ ಬಳಸಲು ದಾರಿ ಮಾಡಿಟ್ಟಿರುತ್ತಾನೆ. ಇಲ್ಲದ ಪ್ರತಿಸ್ಪರ್ಧಿಯ ಮೇಲಿನ ಸಿಟ್ಟಿನಲ್ಲಿ ಸೋಸ್ಟ್ರಾಟಸ್ ಅಷ್ಟೂ ಚಿನ್ನವನ್ನು ಅಪ್ಪನ ಕೈಗಿಡುತ್ತಾನೆ, ಇರುವ ಪ್ರತಿಸ್ಪರ್ಧಿಯ ಮುಂದೆ ಬರಿಗೈಯಾಗುತ್ತಾನೆ. ಚಿನ್ನದ ಮಾತು ಬಿಟ್ಟರೆ ಉತ್ತರ ಅರ್ಧವೇ.

ಪಪೈರಸ್‌ನಲ್ಲಿರುವ ಸ್ವಗತಗಳನ್ನು ನಿಧಾನವಾಗಿ ಓದಿ. ಗೆಳೆಯನ ಮೇಲೆ ಕೋಪವಿದೆ, ಆದರೆ ಮುಖ್ಯ ತಪ್ಪನ್ನು ಸೋಸ್ಟ್ರಾಟಸ್ ಹೊರಿಸುವುದು ಬಕ್ಕಿಸ್‌ಳ ಮೇಲೆ. ಅವಳ ಪಾಲಿಗೆ ಇದು ಶುದ್ಧ ಅನ್ಯಾಯ. ಆದರೂ ನಾಟಕದ ರಚನೆಯ ದೃಷ್ಟಿಯಿಂದ ಮಿನಾಂಡರ್‌ನದು ಜಾಣ ನಡೆ: ಗೆಳೆತನ ಪೂರ್ತಿ ಮುರಿಯದ ಕಾರಣ ಮುಂದೆ ಕೆಲವೇ ಮಾತಿನಲ್ಲಿ ರಾಜಿ ಸಾಧ್ಯ. ಮೊಸ್ಕಸ್ ಎದುರಾದಾಗ ‘ಯಾಕೆ ಮುಖ ಬಾಡಿದೆ?’ ಎಂಬ ಧಾಟಿಯಲ್ಲಿ ವಿಚಾರಿಸುತ್ತಾನೆ. ಅವನಿಗೆ ಏನೂ ಗೊತ್ತಿಲ್ಲ.

ಪ್ಲಾಟಸ್ ಇದೇ ಭೇಟಿಯನ್ನು ಎಳೆದು ನಗಿಸುತ್ತಾನೆ. ನಾಯಕ ‘ಗೆಳೆಯನೊಬ್ಬ ದ್ರೋಹ ಮಾಡಿದ’ ಎಂದರೆ, ಅದು ತಾನೇ ಎಂದು ತಿಳಿಯದೆ ಈ ಗೆಳೆಯ ಅಂಥವರನ್ನು ಬೈಯುತ್ತಾನೆ. ಅಪ್ಪ–ಮಗನ ಮಾತುಕತೆಯ ದೃಶ್ಯಗಳನ್ನು ಮಾತ್ರ ಕೈಬಿಟ್ಟಿದ್ದಾನೆ.

ಓದುವಾಗ ‘ಯಾರಿಗೆ ಏನು ಗೊತ್ತು’ ಎಂಬ ಪಟ್ಟಿ ಮಾಡಿ: ಅಡ್ಡಸಾಲಿನಲ್ಲಿ ಸೋಸ್ಟ್ರಾಟಸ್, ಮೊಸ್ಕಸ್, ಅಪ್ಪ, ಆಳು, ಪ್ರೇಕ್ಷಕ, ಕೆಳಗೆ ದೃಶ್ಯಗಳು. ಇಬ್ಬರು ಬಕ್ಕಿಸರಿದ್ದಾರೆ ಎಂಬುದು ಪ್ರೇಕ್ಷಕನ ಕಾಲಂನಲ್ಲಿ ಮೊದಲೇ ತುಂಬುತ್ತದೆ, ಸೋಸ್ಟ್ರಾಟಸ್‌ನದರಲ್ಲಿ ಗೆಳೆಯನ ಭೇಟಿಯ ನಂತರವಷ್ಟೇ. ಹೋಲಿಕೆಗೆ ‘ಬಕ್ಕಿಡೆಸ್’ನ 494ರಿಂದ 562ರವರೆಗಿನ ಸಾಲುಗಳನ್ನು ಪಪೈರಸ್ ಪಕ್ಕದಲ್ಲಿಟ್ಟುಕೊಳ್ಳಿ.