ಕೂಸಿಗಿಂತ ಮೊದಲೇ ಕುಲಾವಿ

ಎರಡನೇ ಮಹಾಯುದ್ಧದ ಬಹುಪಾಲು ಸಬ್‌ಮರೀನ್‌ಗಳು ಬೇಕಾದಾಗ ಮುಳುಗಬಲ್ಲ ದೋಣಿಗಳು, ಅಷ್ಟೇ. ಜರ್ಮನಿ ಅತಿ ಹೆಚ್ಚು ಕಟ್ಟಿದ ಟೈಪ್ 7 ಮಾದರಿ ನೀರಿನ ಮೇಲೆ ಡೀಸೆಲ್ ಎಂಜಿನ್ ಬಲದಲ್ಲಿ ಗಂಟೆಗೆ 32 ಕಿ.ಮೀ. ಓಡುತ್ತಿತ್ತು. ಮುಳುಗಿದ ಮೇಲೆ ಬ್ಯಾಟರಿಯೇ ಗತಿ. ಆಗ ಜಾಸ್ತಿ ಅಂದರೆ 14 ಕಿ.ಮೀ., ಅದೂ ಸ್ವಲ್ಪ ಹೊತ್ತು ಮಾತ್ರ. ಚಾರ್ಜ್ ಮುಗಿದರೆ ಮೇಲೆ ಬರಲೇಬೇಕು. ಮೇಲೆ ರಾಡಾರ್ ಇಟ್ಟುಕೊಂಡ ವಿಮಾನಗಳು ಕಾಯುತ್ತಿದ್ದವು. 1943ರ ಮೇ ಒಂದೇ ತಿಂಗಳಲ್ಲಿ 41 ಸಬ್‌ಮರೀನ್‌ಗಳು ನಾಶವಾದವು. ನೌಕಾಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಸ್ ಉಳಿದವನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡ.

ಈಗ ಜರ್ಮನಿ ತನ್ನ ಯೋಜನೆಯನ್ನೇ ಬದಲಿಸಬೇಕಾಯಿತು. ಹಾಗೆ ಬದಲಿಸಿದ್ದು ಇದೇ ಮೊದಲಲ್ಲ. 1939ರ ಆರಂಭದಲ್ಲಿ ಜರ್ಮನಿಯ ಲೆಕ್ಕವೆಲ್ಲ ದೊಡ್ಡ ಯುದ್ಧನೌಕೆಗಳ ಮೇಲಿತ್ತು. ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಡೋನಿಟ್ಸ್ ಕೈಯಲ್ಲಿದ್ದದ್ದು 57 ಸಬ್‌ಮರೀನ್, ಅವನು ಬೇಕೆಂದಿದ್ದು 300. ದೊಡ್ಡ ಹಡಗುಗಳ ಯೋಜನೆ ಕಪಾಟು ಸೇರಿತು.

1943ರಲ್ಲಿ ಬೇಕಾಗಿದ್ದು ಬರೀ ಸಂಖ್ಯೆಯಲ್ಲ, ನೀರಿನೊಳಗಿನ ವೇಗ. ಇಲ್ಲೊಂದು ತೊಡಕಿದೆ. ಅದೇ ದೋಣಿಯ ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟು ಬೇಕು. ಹೆಲ್ಮುಟ್ ವಾಲ್ಟರ್ ಎಂಬ ಎಂಜಿನಿಯರ್ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಓಡುವ ಟರ್ಬೈನ್ ಮಾಡಿದ್ದ. ಗಾಳಿಯ ಹಂಗಿಲ್ಲ, ವೇಗವೂ ಉಂಟು. ಆದರೆ ಆ ದ್ರವ ದುಬಾರಿ, ಅಪಾಯಕಾರಿ, ಟರ್ಬೈನ್ ಅದನ್ನು ಕುಡಿಯುವುದೂ ಜಾಸ್ತಿ. ವಿನ್ಯಾಸಕಾರರು ಒಂದು ಸರಳ ಉಪಾಯ ಹುಡುಕಿದರು. ವಾಲ್ಟರನ ದೊಡ್ಡ, ನುಣುಪಾದ ಒಡಲು ಹಾಗೇ ಇರಲಿ, ಪೆರಾಕ್ಸೈಡ್ ತುಂಬುವ ಕೆಳಭಾಗಕ್ಕೆ ಸುಮ್ನೆ ಬ್ಯಾಟರಿ ತುಂಬೋಣ! ಟೈಪ್ 7ರಲ್ಲಿ 124 ಸೆಲ್ ಇದ್ದರೆ ಇದರಲ್ಲಿ 372. ಮುಳುಗಿಯೇ ಗಂಟೆಗೆ 30 ಕಿ.ಮೀ. ದಾಟುವ ಲೆಕ್ಕ. ಇದೇ ಟೈಪ್ 21.

ಹಡಗು ಕಟ್ಟುವವರು ಮೊದಲ ದೋಣಿಗಳಿಗೆ 1944ರ ಕೊನೆಯವರೆಗೆ ಕಾಯಬೇಕು ಅಂದರು. ಆಗ ಬಂದವನು ಆಟೋ ಮೆರ್ಕರ್. ಅಗ್ನಿಶಾಮಕ ವಾಹನ ಮಾಡುತ್ತಿದ್ದ ಕಂಪನಿಯಿಂದ ಬಂದವನು, ಹಡಗಿನ ಅನುಭವವಿಲ್ಲ. ದೋಣಿಯನ್ನು ಎಂಟು ತುಂಡು ಮಾಡಿ, ದೇಶದೊಳಗಿನ ಉಕ್ಕಿನ ಕಾರ್ಖಾನೆಗಳಲ್ಲಿ ತುಂಡುಗಳನ್ನು ಮಾಡಿಸಿ, ಕಾಲುವೆಯಲ್ಲಿ ಸಾಗಿಸಿ, ಹ್ಯಾಂಬರ್ಗ್, ಬ್ರೆಮೆನ್, ಡಾನ್‌ಜಿಗ್‌ನಲ್ಲಿ ಬೆಸುಗೆ ಹಾಕಿದರಾಯಿತು, ಅಂದ. ವಸಂತಕ್ಕೇ ಮೊದಲ ದೋಣಿ! ಹಳೆ ಮಾದರಿಯ ಎಷ್ಟೋ ಆರ್ಡರ್‌ಗಳು ರದ್ದಾದವು. ಒಂದು ದೋಣಿ ಮಾಡಿ, ಸಮುದ್ರಕ್ಕಿಳಿಸಿ, ತಪ್ಪು ತಿದ್ದಿ ಆಮೇಲೆ ಸಾಲಾಗಿ ಕಟ್ಟೋಣ ಎನ್ನುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರು.

ಬಾವಿಗೆ ಸಿಮೆಂಟ್ ರಿಂಗ್ ಇಳಿಸುವುದನ್ನು ನೋಡಿದ್ದೀರಲ್ವಾ? ಸುತ್ತಲಿನ ಮಣ್ಣು ಒತ್ತುತ್ತಿದ್ದರೂ ರಿಂಗ್ ಒಡೆಯುವುದಿಲ್ಲ, ಗುಂಡಗಿರುವುದರಿಂದ ಭಾರ ಎಲ್ಲ ಕಡೆ ಹಂಚಿಹೋಗುತ್ತದೆ. ಸಬ್‌ಮರೀನಿನ ಒಡಲೂ ಹಾಗೆಯೇ. ಗುಂಡಗೆ ಸ್ವಲ್ಪ ಕೊರತೆಯಾದರೂ ಆಳದಲ್ಲಿ ಅದು ನಜ್ಜುಗುಜ್ಜಾಗುವ ಅಪಾಯ. ಉಕ್ಕಿನ ಕಾರ್ಖಾನೆಗಳವರಿಗೆ ಇಷ್ಟು ಕರಾರುವಾಕ್ಕಾದ ಕೆಲಸ ಹೊಸದು. ತುಂಡುಗಳ ಅಂಚಿಗೆ ಅಂಚು ಕೂಡಲಿಲ್ಲ. ಸಮಯ ಉಳಿಸಲೆಂದು ಎಲ್ಲೋ ಮಾಡಿಸಿದ್ದನ್ನು ಇಲ್ಲಿ ಮತ್ತೆ ಕತ್ತರಿಸಿ, ಮತ್ತೆ ಬೆಸೆಯಬೇಕಾಯಿತು. ನನ್ನ ಲೆಕ್ಕದಲ್ಲಿ ಮೆರ್ಕರ್ ಕೆಲಸವನ್ನು ಕಡಿಮೆ ಮಾಡಲಿಲ್ಲ, ಕಷ್ಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿದ.

ಹೇಳಿದ ತಾರೀಖಿಗೆ ದೋಣಿ ತೋರಿಸಲೇಬೇಕಿತ್ತು. ಹಿಟ್ಲರನ ಹುಟ್ಟುಹಬ್ಬದ ಹಿಂದಿನ ದಿನ, 1944ರ ಏಪ್ರಿಲ್ 19ರಂದು, ಡಾನ್‌ಜಿಗ್‌ನಲ್ಲಿ ಯು-3501 ನೀರಿಗಿಳಿಯಿತು. ಅದರ ಎಷ್ಟೋ ತೂತುಗಳಿಗೆ ಮರದ ಬೆಣೆ ಹೊಡೆದಿದ್ದರು. ಸಮಾರಂಭ ಮುಗಿದ ಮೇಲೆ ಅದನ್ನು ಮತ್ತೆ ಶಿಪ್‌ಯಾರ್ಡಿಗೇ ಎಳೆದುಕೊಂಡು ಹೋದರು.

ಬಾಂಬುಗಳು ಕಾಲುವೆಗಳನ್ನೂ ಬಿಡಲಿಲ್ಲ. ಅದಕ್ಕೆ ಬ್ರೆಮೆನ್ ಹತ್ತಿರದ ಫಾರ್ಗೆಯಲ್ಲಿ ‘ವ್ಯಾಲೆಂಟೀನ್’ ಎಂಬ ಕಾಂಕ್ರೀಟ್ ಕೋಟೆಯನ್ನೇ ಕಟ್ಟಹೊರಟರು. ಅದರೊಳಗೆ 56 ಗಂಟೆಗೊಂದು ಸಬ್‌ಮರೀನ್ ಜೋಡಿಸುವುದು ಯೋಜನೆ. ಸೆರೆಯಾಳುಗಳನ್ನು, ಕಾನ್ಸಂಟ್ರೇಷನ್ ಕ್ಯಾಂಪಿನ ಬಂದಿಗಳನ್ನು ಸಾವಿರಗಟ್ಟಲೆ ದುಡಿಸಿದರು. ಸಾವಿರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. 1945ರ ಮಾರ್ಚ್‌ನಲ್ಲಿ ಬ್ರಿಟಿಷ್ ಬಾಂಬುಗಳು ಅದರ ಛಾವಣಿಯನ್ನೇ ತೂತು ಮಾಡಿದವು. ಅಲ್ಲಿಂದ ಒಂದೇ ಒಂದು ಸಬ್‌ಮರೀನೂ ಹೊರಬರಲಿಲ್ಲ.

ಕೊನೆಗೆ ನೌಕಾಪಡೆಗೆ ಸೇರಿದ ಟೈಪ್ 21ಗಳು ಸುಮಾರು 118. ಯುದ್ಧಕ್ಕೆ ಹೊರಟಿದ್ದು ಬೆರಳೆಣಿಕೆಯಷ್ಟು. ಯು-2511 ಯುದ್ಧದ ಕೊನೆಯ ದಿನಗಳಲ್ಲಿ ನಾರ್ವೆಯ ಬರ್ಗೆನ್ ಬಿಟ್ಟಿತು. ಮೇ 4ರಂದು ಕದನ ನಿಲ್ಲಿಸುವ ಆದೇಶ ಬಂತು. ಆಮೇಲೂ ಅದರ ಕ್ಯಾಪ್ಟನ್ ಅಡಾಲ್ಬರ್ಟ್ ಶ್ನೀ ಸದ್ದಿಲ್ಲದೆ ಬ್ರಿಟಿಷರ ಕ್ರೂಸರ್ ಯುದ್ಧನೌಕೆಯೊಂದರ ಹತ್ತಿರಕ್ಕೆ ಹೋದ, ಗುರಿ ಹಿಡಿದ. ಟಾರ್ಪಿಡೊ ಬಿಡದೆ ವಾಪಸ್ ಬಂದ. ಹಡಗಿನವರಿಗೆ ಗೊತ್ತೇ ಆಗಲಿಲ್ಲ ಎಂಬುದು ಅವನೇ ಹೇಳಿದ ಮಾತು.

ಗೆದ್ದವರು ಈ ದೋಣಿಗಳನ್ನು ಮನೆಗೊಯ್ದು ಬಿಚ್ಚಿ ನೋಡಿದರು. ಅಮೆರಿಕ ತನ್ನ ಹಳೆ ಸಬ್‌ಮರೀನ್‌ಗಳ ಬ್ಯಾಟರಿ ಹೆಚ್ಚಿಸಿ ಮೈ ನುಣುಪು ಮಾಡಿತು. ಸೋವಿಯತ್ ಒಕ್ಕೂಟ ಹೊಸ ಮಾದರಿಗಳಿಗೆ ಇದರಿಂದ ಕಲಿತಿತು. ಆ ಸಾಲಿನ ಫಾಕ್ಸ್‌ಟ್ರಾಟ್ ಎಂಬ ಸಬ್‌ಮರೀನ್‌ಗಳನ್ನೇ ಭಾರತ 1967ರಿಂದ ಕೊಂಡದ್ದು. ಅವುಗಳಲ್ಲೊಂದು, ಐಎನ್‌ಎಸ್ ಕುರ್ಸುರಾ, ಈಗ ವಿಶಾಖಪಟ್ಟಣದ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಒಳಹೊಕ್ಕವರೆಲ್ಲ ಟಾರ್ಪಿಡೊ ಕೊಳವೆ ನೋಡುತ್ತಾರೆ. ನೀವು ಹೋದರೆ ಕಾಲ ಕೆಳಗೂ ಒಮ್ಮೆ ನೋಡಿ. ಬ್ಯಾಟರಿ ಇಡುತ್ತಿದ್ದದ್ದು ಆ ನೆಲದ ಅಡಿಯಲ್ಲೇ.